ನನ್ನ ಹಾಯಿದೋಣಿಯ ಮೂತಿ ತಿರುಗಿಸಿದ ಫ್ಯಾನಿಗೆ

ಕೀಲುಂಗ್ ಬಂದರಿನ ಮೀನುಪೇಟೆಯಲ್ಲಿ, ನನ್ನ ತಂಗಿ ಸು-ಲ್ವಾನಳ ಮೀನುಂಡೆ ಸಾರಿನ ಅಂಗಡಿಯ ಗೋಡೆಯಿಂದ ಎಡಕ್ಕೂ ಬಲಕ್ಕೂ ಸಮಾನವಾಗಿ ಕೃಪೆದೋರುವ ಮಾನ್ಯ ಫ್ಯಾನ್ ಅವರೇ,

ತಮ್ಮ ಮೂರೂ ರೆಕ್ಕೆಗಳು ಕ್ಷೇಮವೆಂದು ನಂಬಿ, ಶ್ಯೂ ಬಾವ್-ಚಿನ್ ಎಂಬ ಅರವತ್ತೆಂಟರ ಹೆಂಗಸು ಬಿನ್ನವಿಸಿಕೊಳ್ಳುವುದೇನೆಂದರೆ, ಮೂರು ವರ್ಷದ ಹಿಂದೆ ಹೊಸವರ್ಷದ ಊಟದಲ್ಲಿ ಸು-ಲ್ವಾನಳ ಸಾರಿಗೆ ಉಪ್ಪು ಜಾಸ್ತಿಯೆಂದು ನೆಂಟರ ಮುಂದೆ ಅಂದುಬಿಟ್ಟೆ. ಅಂದಿನಿಂದ ನಮಗೆ ಮಾತಿರಲಿಲ್ಲ. ಅವಳು ಅದೇ ಸಾರಿನ ಅಂಗಡಿ ತೆರೆಯುತ್ತಾಳೆಂದು ತಿಳಿದಾಗ, ಕ್ಷಮೆ ಕೇಳಲು ಬಾಯಿ ಬಾರದೆ ಕೈಗೆ ಕೆಲಸ ಕೊಟ್ಟೆ. ಹೊಸ ಅಂಗಡಿಗೆ ಅದೃಷ್ಟ ತರಲೆಂದು ಹಾಯಿದೋಣಿ ಕೊಡುವುದು ನಮ್ಮ ಕಡೆಯ ರೂಢಿ. ಐಸ್‌ಕ್ರೀಮ್ ಕಡ್ಡಿಗಳ ಒಡಲು, ಬಿದಿರುಕಡ್ಡಿಯ ಕಂಬ, ಹೊಸವರ್ಷದ ಹಣ ಬಂದಿದ್ದ, ಕೂಡಿಟ್ಟ ಕೆಂಪು ಲಕೋಟೆಗಳ ಹಾಯಿ. ಗ್ಲೂ ಗನ್ನಿಗೆ ಎರಡು ಬೆರಳು ಸುಟ್ಟುಕೊಂಡು ದೋಣಿ ಕಟ್ಟಿದೆ. ಅದೃಷ್ಟ ಒಳಗೆ ಬರುವಂತೆ ಮೂತಿ ಒಳಮುಖವಾಗಿರಲಿ ಎಂದು ಚೀಟಿ ಬರೆದು, ಪಕ್ಕದ ಮನೆಯವರ ಕೈಲಿ ಕಳುಹಿಸಿದೆ.

ಆಮೇಲಿನದು ತಮ್ಮ ಪ್ರತಾಪ. ಪೇಟೆಯಲ್ಲಿ ಕೊಂಡ ಮರದ ದೋಣಿಗಳು ತಮ್ಮೆದುರು ಕದಲುವುದಿಲ್ಲ. ನನ್ನದು ಹಗುರ, ಹಾಯಿಗಳು ನಿಜವಾಗಿ ಗಾಳಿ ಹಿಡಿಯುವಂಥವು. ಅವಳು ಮೂರು ಸಲ ಸರಿಯಾಗಿ ಇಟ್ಟಳು, ತಾವು ಮೂರು ಸಲವೂ ಮೂತಿಯನ್ನು ಬೀದಿಗೆ ತಿರುಗಿಸಿದಿರಿ. ನನ್ನ ಕರಕುಶಲವನ್ನು ಇಷ್ಟು ಗಂಭೀರವಾಗಿ ಪರಿಗಣಿಸಿದವರು ಈ ಊರಿನಲ್ಲಿ ತಾವೊಬ್ಬರೇ. ಗಿರಾಕಿಗಳು ಗುಸುಗುಸು ಶುರುಮಾಡಿದರು, ಸು-ಲ್ವಾನ್ ಏಪ್ರನ್ ಸಮೇತ ನನ್ನ ಮನೆ ಬಾಗಿಲಿಗೆ ಬಂದಳು.

"ಏನಕ್ಕಾ, ನನ್ನ ಅದೃಷ್ಟಾನ ಬೀದಿಪಾಲು ಮಾಡೋಕೇ ಅಂತ ಹಿಂಗೆ ಕಟ್ಟಿದೀಯಾ?"

ಮೂರು ವರ್ಷದಲ್ಲಿ ಅವಳಾಡಿದ ಮೊದಲ ಮಾತು. ನನಗೆ ಕಣ್ಣು ತುಂಬಿತು. ಆದರೂ ಬಿಟ್ಟುಕೊಡದೆ ಬೈದೆ. ಬೈಯುತ್ತಲೇ ಇಬ್ಬರೂ ಅಂಗಡಿಗೆ ಬಂದು ದೋಣಿಯ ಮುಂದೆ ಕೂತೆವು. ತಾವು ನಮ್ಮ ಕಣ್ಣೆದುರೇ ಅದನ್ನು ಸಾವಕಾಶವಾಗಿ ಬಾಗಿಲ ಕಡೆ ತಿರುಗಿಸಿದಿರಿ, ಸು-ಲ್ವಾನ್ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇನ್ನು ನನ್ನ ದೂರು. ಅಂದಿನಿಂದ ದೋಣಿ ತಿರುಗಿದಾಗಲೆಲ್ಲ ಅವಳು ಫೋನು ಮಾಡಿ, ಕಟ್ಟಿದವಳೇ ಬಂದು ಸರಿಮಾಡಬೇಕೆನ್ನುತ್ತಾಳೆ. ನೋಯುವ ಮೊಣಕಾಲು ಹೊತ್ತು ದಿನವೂ ಬಸ್ಸು ಹತ್ತುತ್ತೇನೆ. ಆದ್ದರಿಂದ ತಾವು ದಯಮಾಡಿ ಒಂದೇ ಕಡೆಗೆ ಬೀಸುವುದು, ಇಲ್ಲವೇ ಗಾಳಿಯಿಲ್ಲದೆ ತಿರುಗುವ ವಿದ್ಯೆ ಕಲಿಯುವುದು, ಅದೂ ಆಗದಿದ್ದರೆ ನನ್ನ ಮನೆಯಿಂದ ಅಂಗಡಿಯವರೆಗೆ ನನ್ನನ್ನೂ ಗಾಳಿಯಲ್ಲಿ ತೇಲಿಸಿಕೊಂಡು ಬರುವುದು.

ತಮ್ಮ ಗಾಳಿಗೆ ಸಿಕ್ಕ, ತಮ್ಮ ವಿಶ್ವಾಸಿ,
ಶ್ಯೂ ಬಾವ್-ಚಿನ್

ವಿ.ಸೂ.: ಮೊನ್ನೆಯಿಂದ ತಾವು ರಿಪೇರಿಗೆ ಹೋಗಿದ್ದೀರೆಂದು ಪಕ್ಕದ ಅಂಗಡಿಯವರು ಹೇಳಿದರು. ನಿನ್ನೆಯೂ ದೋಣಿ ಬೀದಿಗೆ ತಿರುಗಿತ್ತು, ನಿನ್ನೆಯೂ ಫೋನು ಬಂತು. ಎಲ್ಲ ಫ್ಯಾನಿನ ಕಿತಾಪತಿಯೆಂದು ಸು-ಲ್ವಾನ್ ಹೇಳಿದಳು, ನಾನು ಹೌದೆಂದೆ. ಮರಳಿ ಬಂದ ಮೇಲೆ ತಾವೂ ದಯವಿಟ್ಟು ತಪ್ಪೊಪ್ಪಿಕೊಳ್ಳತಕ್ಕದ್ದು.