ಮೀನಿನಂಗಡಿಯ ಐಸು, ಯೂರಿಯಾ ನೀರು ಮತ್ತು ನಮ್ಮತ್ತೆ

ಕರಗುವುದು ಎಂದರೇನು ಎಂದು ಮೂಡಿಗೆರೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಳೆಗಾಲ ಕಾಲಿಟ್ಟರೆ ಸಾಕು, ಡಬ್ಬಿಯೊಳಗಿನ ಉಪ್ಪು ತಾನಾಗಿಯೇ ನೀರಾಗುತ್ತದೆ, ಬೆಲ್ಲ ಬೆವರುತ್ತದೆ. ಕಷ್ಟವಿರುವುದು ಹೆಪ್ಪುಗಟ್ಟಿಸುವುದರಲ್ಲಿ. ಮೊಸರು ಬಿಟ್ಟರೆ ಬೇರೇನೂ ಹೆಪ್ಪುಗಟ್ಟುವುದನ್ನು ಹತ್ತಿರದಿಂದ ನೋಡಿರದ ನಾನು, ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮೂರ ಕಾಲೇಜಿಗೆ ಕೆಮಿಸ್ಟ್ರಿ ಲೆಕ್ಚರರ್ ಆಗಿ ಸೇರಿ, ಹೆಪ್ಪುಗಟ್ಟುವ ಪಾಠವನ್ನು ಬಹಳ ಧೈರ್ಯದಿಂದ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಎಲ್ಲವೂ ಚೆನ್ನಾಗಿಯೇ ಹೆಪ್ಪುಗಟ್ಟುತ್ತಿತ್ತು.

ಪಾಠ ಇಷ್ಟೇ. ಶುದ್ಧ ನೀರು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಅದರಲ್ಲಿ ಏನಾದರೂ ಕರಗಿಸಿಬಿಟ್ಟರೆ ಸೊನ್ನೆಗೆ ಜಪ್ಪಯ್ಯ ಅಂದರೂ ಗಟ್ಟಿಯಾಗುವುದಿಲ್ಲ. ಇನ್ನೂ ಕೆಳಗೆ ಇಳಿಯಬೇಕು. ಎಷ್ಟು ಕೆಳಗಿಳಿಯಿತು ಎಂದು ಅಳೆದರೆ ಒಳಗೆ ಎಷ್ಟು ಕಣಗಳಿವೆ ಎಂದು ತಿಳಿಯುತ್ತದೆ. ಅದರಿಂದ, ಕಣ್ಣಿಗೆ ಕಾಣದ ಅಣುವಿನ ತೂಕವನ್ನೇ ಹೇಳಿಬಿಡಬಹುದು. ಇದನ್ನು ಕ್ಲಾಸಿನಲ್ಲಿ ಹೇಳುವಾಗ ನನಗೇ ರೋಮಾಂಚನವಾಗುತ್ತಿತ್ತು. ಒಂದು ದಿನ ಬಣಕಲ್ ಕಡೆಯ ಹುಡುಗ ಗಿರೀಶ ಎದ್ದು ನಿಂತು, "ಮೇಡಂ, ಇದನ್ನ ನೀವು ಮಾಡಿ ನೋಡಿದ್ದೀರಾ?" ಎಂದು ಕೇಳಿದ. ತಮಾಷೆಗಲ್ಲ, ನಿಜವಾಗಿಯೂ ತಿಳಿಯುವ ಆಸೆಯಿಂದಲೇ ಕೇಳಿದ. ಅದರಿಂದಲೇ ಹೆಚ್ಚು ಚುಚ್ಚಿತು. "ಈ ಶನಿವಾರ ಎಲ್ಲರೂ ಸೇರಿ ಮಾಡೋಣ" ಎಂದುಬಿಟ್ಟೆ.

ಪ್ರಯೋಗಕ್ಕೆ ಬೇಕಾದ ಯೂರಿಯಾ ಲ್ಯಾಬಿನಲ್ಲಿತ್ತು. ಕಲ್ಲುಪ್ಪು ನನ್ನವರ ದಿನಸಿ ಅಂಗಡಿಯಿಂದ ಬಂತು. ಇಲ್ಲದ್ದು ಐಸು. ಮನೆಯ ಫ್ರಿಜ್ಜಿನಲ್ಲಿ ಹಿಂದಿನ ದಿನವೇ ಟ್ರೇ ಇಟ್ಟಿದ್ದೆ. ಕರೆಂಟು ಹೋಗಿ ಬೆಳಿಗ್ಗೆ ನೋಡಿದರೆ ಒಳ್ಳೆಯ ಕುಡಿಯುವ ನೀರು ಸಿದ್ಧವಾಗಿತ್ತು. ಐಸ್‌ಕ್ಯಾಂಡಿ ಮಾಡುವವನು ಡಿಸೆಂಬರಿನ ಚಳಿಗೆ ಮಿಷನ್ ನಿಲ್ಲಿಸಿ ಕಾಫಿ ಕೊಯ್ಲಿಗೆ ಹೋಗಿದ್ದ. ಉಳಿದದ್ದು ಒಂದೇ ಜಾಗ. ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಬರುವ ಮೀನಿನ ಪೆಟ್ಟಿಗೆಗಳ ತುಂಬ ಐಸೇ ಐಸು.

"ನೀನು ಹೋಗಿ ತರ್ತೀಯಾ ಲೋಕಪ್ಪ?" ಎಂದು ನಮ್ಮ ಲ್ಯಾಬಿನ ಅಟೆಂಡರನ್ನು ಕೇಳಿದೆ. ಅವನು ಕಪ್ಪು ಪಂಚೆಯನ್ನೂ ಕೊರಳ ಮಾಲೆಯನ್ನೂ ತೋರಿಸಿ, "ಸ್ವಾಮಿ ಮಾಲೆ ಹಾಕೀನಿ ಮೇಡಂ. ಮೀನಿನಂಗಡಿ ಮೆಟ್ಲು ಹತ್ತೋ ಹಾಗಿಲ್ಲ" ಎಂದು ಕೈ ಮುಗಿದ. ಮಾಲೆ ಹಾಕದ ನಾನು ಲಿಂಗಾಯತರ ಮನೆಯ ಸೊಸೆ. ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಮನೆಯೊಳಗೆ ಬಿಡದ ಅತ್ತೆಯ ಕೈಕೆಳಗಿನವಳು. ಆದರೂ ಹುಡುಗರಿಗೆ ಮಾತು ಕೊಟ್ಟಾಗಿತ್ತು. ಮನೆಯಿಂದ ಒಂದು ಸ್ಟೀಲಿನ ಬಕೆಟ್ ಹಿಡಿದು, ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋದೆ. ಮೂಗು ಮುಚ್ಚಿದರೆ ಗುರುತು ಸಿಗುವುದಿಲ್ಲ ಎಂದು ಹೇಗೆ ನಂಬಿದೆನೋ, ಎದುರಿಗೆ ಬಂದವರೆಲ್ಲ "ನಮಸ್ಕಾರ ಮೇಡಂ" ಎನ್ನುತ್ತಲೇ ದಾಟಿದರು.

ಮೀನಿನಂಗಡಿಯ ಇಬ್ರಾಹಿಂ ಸಾಹೇಬರು ಒಳ್ಳೆಯವರು. "ಬಂಗುಡೆ ತಾಜಾ ಉಂಟು ಮೇಡಂ" ಎಂದರು. "ಮೀನು ಬೇಡ, ಐಸು ಮಾತ್ರ ಕೊಡಿ" ಎಂದೆ. ಅವರು ನನ್ನನ್ನು ಒಮ್ಮೆ, ಬಕೆಟನ್ನು ಒಮ್ಮೆ ನೋಡಿ, ದನಿ ತಗ್ಗಿಸಿ, "ಯಾರಿಗೂ ಹೇಳೋದಿಲ್ಲ, ನಾಚ್ಕೋಬೇಡಿ. ಮೀನು ಅಡಿಯಲ್ಲಿಟ್ಟು ಮೇಲೆ ಐಸು ಹಾಕಿ ಕೊಡ್ತೀನಿ" ಎಂದರು! ಕೆಮಿಸ್ಟ್ರಿ, ಯೂರಿಯಾ ಎಂದೆಲ್ಲ ವಿವರಿಸಿ, ಬರಿಯ ಐಸು ತರುವಷ್ಟರಲ್ಲಿ ಸಾಕುಸಾಕಾಯಿತು. ಹೀಗೆ ತಂದ ಐಸನ್ನು ಲ್ಯಾಬಿನಲ್ಲಿಟ್ಟು ತಿರುಗಿದರೆ ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ದರು. ಯಾರೋ ದೊಡ್ಡವರು ತೀರಿಕೊಂಡರೆಂದು ಕಾಲೇಜಿಗೆ ರಜೆ. ಪ್ರಯೋಗ ಸೋಮವಾರಕ್ಕೆ ಹೋಯಿತು, ಐಸು ಚರಂಡಿಗೆ ಹೋಯಿತು.

ಸುದ್ದಿ ಮಾತ್ರ ನನಗಿಂತ ಮೊದಲು ಮನೆ ಸೇರಿತ್ತು. ಪಕ್ಕದ ಮನೆಯ ಸರೋಜಕ್ಕ ಬಂದು ಕಾಫಿ ಕುಡಿದು, "ನಿಮ್ಮ ಸೊಸೆ ಮೀನಿನಂಗಡೀಲಿ ನಿಂತಿದ್ರಂತಲ್ಲ, ಬಸುರಿ ಬಯಕೆಯಾ?" ಎಂದು ಕೇಳಿ ಹೋಗಿದ್ದರು. ಅತ್ತೆ ಜಗಲಿಯಲ್ಲಿ ಕೂತಿದ್ದರು. ಕೂಗಾಡಲಿಲ್ಲ. "ಬಯಕೆ ಇದ್ರೆ ನನಗೆ ಹೇಳ್ಬೇಕಿತ್ತು" ಎಂದರು.

"ಅಯ್ಯೋ ಬಯಕೆ ಅಲ್ಲ ಅತ್ತೆ, ಪ್ರಯೋಗ. ನೀರಿಗೆ ಯೂರಿಯಾ ಹಾಕಿ ಹೆಪ್ಪುಗಟ್ಟಿಸ್ಬೇಕು."

"ಗಿಡಕ್ಕೆ ಹಾಕೋ ಯೂರಿಯಾನಾ? ಅದನ್ನ ಹೆಪ್ಪುಗಟ್ಟಿಸಿ ಯಾರಿಗೆ ಏನಾಗ್ಬೇಕು?" ಎಂದವರು ತಡೆದು, "ಬಕೆಟ್ ಯಾವುದು ತಗೊಂಡು ಹೋಗಿದ್ದೆ?" ಎಂದರು. ನಾನು ತೋರಿಸಿದೆ. ಅತ್ತೆ ಕಣ್ಣು ಮುಚ್ಚಿಕೊಂಡರು. ಅದು ಅವರ ಪೂಜೆಯ ನೀರಿನ ಬಕೆಟ್.

ಆ ಭಾನುವಾರ ನನ್ನವರು ರಜೆಯಿದ್ದರೂ ಅಂಗಡಿಗೆ ಹೋದರು. ಅತ್ತೆ ಕೆಲಸ ಬಿಡು ಎನ್ನುತ್ತಾರೇನೋ ಎಂಬ ಭಯದಲ್ಲೇ ನಾನಿದ್ದೆ. ಸೋಮವಾರ ಹೊರಡುವಾಗ ನೋಡಿದರೆ ಅತ್ತೆ ಒಳ್ಳೆಯ ಸೀರೆ ಉಟ್ಟು, ಪ್ಲಾಸ್ಟಿಕ್ ಬಕೆಟ್ ಒಂದನ್ನು ಹಿಡಿದು ನಿಂತಿದ್ದರು. "ನಡಿ, ನಾನೂ ಬರ್ತೀನಿ. ಊರಿನವರಿಗೆ ಉತ್ತರ ಹೇಳ್ಬೇಕಾದವಳು ನಾನು. ಏನು ಅಂತ ಕಣ್ಣಾರೆ ನೋಡದೆ ಏನು ಹೇಳ್ಲಿ?"

ಐಸು ತಂದೆವು. ಅತ್ತೆ ಮೀನಿನಂಗಡಿಯ ರಸ್ತೆಯ ಈಚೆ ಬದಿಯಲ್ಲೇ ನಿಂತು, "ತುಂಬ ಹಾಕಿ ಸಾಹೇಬ್ರೇ" ಎಂದು ಕೂಗಿ ಹೇಳಿದರು. ಲ್ಯಾಬಿನಲ್ಲಿ ಅವರಿಗೆ ಸ್ಟೂಲು ಹಾಕಿಸಿದೆ. ಸೊನ್ನೆಗಿಂತ ಕೆಳಗಿಳಿಯಲೆಂದು ಐಸಿಗೆ ಕಲ್ಲುಪ್ಪು ಬೆರೆಸಿ, ಅದರ ನಡುವೆ ಯೂರಿಯಾ ನೀರಿನ ಗಾಜಿನ ಕೊಳವೆ ಇಟ್ಟು, ಥರ್ಮಾಮೀಟರ್ ಇಳಿಸಿದೆವು. ಪಾದರಸ ಸೊನ್ನೆಗೆ ಬಂತು, ದಾಟಿತು. ಮೈನಸ್ ಎರಡರ ಹತ್ತಿರ ಗಟ್ಟಿಯಾಗಬೇಕಿತ್ತು, ಆಗಲಿಲ್ಲ. ಮೂರೂ ಆಯಿತು. ನೀರು ನೀರಾಗಿಯೇ ಇತ್ತು. "ಯಾವಾಗ ಗಟ್ಟಿ ಆಗೋದು?" ಎಂದು ಅತ್ತೆ ಕೇಳಿದರು. "ಈಗ, ಈಗ" ಎಂದೆ. ಹುಡುಗಿಯರು ಮುಖ ಮುಖ ನೋಡಿಕೊಂಡರು.

ಕಲಕುವ ತಂತಿ ಹಿಡಿದಿದ್ದ ಗಿರೀಶ, ಕೈ ಸೋತೋ ಏನೋ, ಒಮ್ಮೆ ಜೋರಾಗಿ ಆಡಿಸಿದ. ತಣ್ಣಗಾಗಿಯೂ ಗಟ್ಟಿಯಾಗದೆ ಕಾದಿದ್ದ ನೀರಿಗೆ ಅದೇ ನೆಪವಾಯಿತು. ಕೊಳವೆಯ ತುಂಬ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಳಿಯ ಸೂಜಿಗಳು ಹಬ್ಬಿಕೊಂಡವು. ಗಟ್ಟಿಯಾಗುವಾಗ ನೀರು ಬಿಟ್ಟ ಶಾಖಕ್ಕೆ, ಇಳಿಯುತ್ತಿದ್ದ ಪಾದರಸ ಮೇಲೇರಿ, ಎಲ್ಲಿರಬೇಕೋ ಹೆಚ್ಚುಕಡಿಮೆ ಅಲ್ಲೇ ಬಂದು ನಿಂತಿತು. "ಬಂತು ಮೇಡಂ! ಬಂತು ಮಾರಾಯ್ರೇ!" ಎಂದು ಗಿರೀಶ ಕುಣಿದ. ಲೆಕ್ಕ ಹಾಕಿದರೆ ಯೂರಿಯಾದ ಅಣುತೂಕ ಅರವತ್ತು ಬರಬೇಕಾದಲ್ಲಿ ಅರವತ್ತನಾಲ್ಕು ಬಂತು. ಅಷ್ಟು ಹತ್ತಿರ ಬಂದ ಸಂತೋಷಕ್ಕೆ ನನಗೆ ಅಳುವೇ ಬಂದುಬಿಟ್ಟಿತು.

ಅತ್ತೆ ಸ್ಟೂಲಿನಿಂದ ಎದ್ದು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಯೂರಿಯಾ ಬದಲು ಉಪ್ಪು ಕರಗಿಸಿದ್ರೆ?" ಎಂದರು. ಅದನ್ನೂ ಮಾಡಿದೆವು. ಅಷ್ಟೇ ತೂಕದ ಉಪ್ಪು ಕರಗಿಸಿದ ನೀರು ಹೆಪ್ಪುಗಟ್ಟಲು ಯೂರಿಯಾ ನೀರಿಗಿಂತ ಸುಮಾರು ಎರಡು ಪಟ್ಟು ಕೆಳಗಿಳಿಯಬೇಕಾಯಿತು. ಉಪ್ಪು ನೀರಿಗೆ ಬಿದ್ದರೆ ಒಂದೊಂದೂ ಎರಡೆರಡು ಕಣವಾಗಿ ಒಡೆಯುತ್ತದೆ, ಅದಕ್ಕೇ ಹೀಗೆ ಎಂದು ವಿವರಿಸಿದೆ. ಅತ್ತೆ ಗಂಭೀರವಾಗಿ ತಲೆದೂಗಿ, "ಹೌದು ಮತ್ತೆ. ಒಬ್ಬಳೇ ಇದ್ರೆ ಬೇಗ ತಣ್ಣಗಾಗ್ತಾಳೆ. ಇಬ್ರು ಸೇರಿದ ಮೇಲೆ ಎಲ್ಲಿ ಅಷ್ಟು ಸುಲಭ?" ಎಂದರು. ಹುಡುಗಿಯರು ನಕ್ಕರು. ಅತ್ತೆಯೂ ನಕ್ಕರು. ಆ ಸಂಜೆ ಸರೋಜಕ್ಕನನ್ನು ಅವರೇ ಕರೆಸಿ ಕೂರಿಸಿ, ಯೂರಿಯಾದಿಂದ ಉಪ್ಪಿನವರೆಗೆ ಪೂರ್ತಿ ಪಾಠ ಮಾಡಿದರು. ಸರೋಜಕ್ಕ ಮತ್ತೆ ಮೀನಿನ ಮಾತೆತ್ತಲಿಲ್ಲ.

ಅದಾದ ಮೇಲೆ ಚಿಕ್ಕಮಗಳೂರಿನಲ್ಲಿ ನೆಂಟರ ಮದುವೆ. ಊಟದ ಕೊನೆಗೆ ಬಂದ ಐಸ್‌ಕ್ರೀಮು ಪಾಯಸದಂತೆ ಹರಿಯುತ್ತಿತ್ತು. ಅಡುಗೆಯವರು ಕರೆಂಟನ್ನು ಬೈಯುತ್ತಿದ್ದರು. ಅತ್ತೆ ಒಂದು ಚಮಚ ಬಾಯಿಗಿಟ್ಟು, "ಕರೆಂಟಿಗೆ ಯಾಕೆ ಬೈತೀರಿ? ಸಕ್ಕರೆ ಜಾಸ್ತಿ ಸುರ್ದಿದ್ದೀರಿ. ಸಕ್ಕರೆ ಜಾಸ್ತಿಯಾದಷ್ಟೂ ಗಟ್ಟಿಯಾಗೋಕೆ ಚಳಿ ಜಾಸ್ತಿ ಬೇಕು" ಎಂದರು. ಅಡುಗೆಯವರು ತಲೆ ಕೆರೆದುಕೊಂಡು, "ಕೈ ಸ್ವಲ್ಪ ಮುಂದೆ ಹೋಯ್ತು ಅಮ್ಮಾ" ಎಂದು ಒಪ್ಪಿಕೊಂಡರು. ಪಂಕ್ತಿಯಲ್ಲಿದ್ದ ಹಿರಿಯರೊಬ್ಬರು ಬೆರಗಾಗಿ, "ತಾವು ಯಾವ ಕಾಲೇಜಲ್ಲಿ ಲೆಕ್ಚರರು?" ಎಂದು ಅತ್ತೆಯನ್ನು ಕೇಳಿದರು.

ಅತ್ತೆ ಸೆರಗು ಸರಿಮಾಡಿಕೊಂಡು, ಪಕ್ಕದ ಎಲೆಯಲ್ಲಿ ಹರಿಯುವ ಐಸ್‌ಕ್ರೀಮನ್ನು ಬೆರಳಿನಿಂದ ತಡೆಯುತ್ತಿದ್ದ ನನ್ನ ಕಡೆ ಕೈ ತೋರಿಸಿದರು.

"ಲೆಕ್ಚರರು ನಾನಲ್ಲ, ಇವಳು" ಎಂದರು. "ಇವಳಿಗೂ ಸ್ವಲ್ಪ ಗೊತ್ತು."