ಏಣಿ ಮೇಲಿಂದ ಏನೂ ಕಾಣಲಿಲ್ಲ

ಮೈಲೋ ಕುಚೇರಾ ಅವತ್ತು ಬಾಯಿಗೆ ಇನ್ನೊಂದು ಡೋನಟ್ ತುರುಕಿಕೊಂಡು ಸುಮ್ಮನೆ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಡೋನಟ್ ಮುಗಿದಿತ್ತು, ಅದೇ ತಪ್ಪಾಯಿತು.

ನೆಬ್ರಾಸ್ಕಾದ ಆ ಊರಲ್ಲಿ ಇರುವುದು ಒಂದು ಚರ್ಚು, ಒಂದು ಕಾಳಿನ ಗೋದಾಮು. ಮಿಕ್ಕಿದ್ದೆಲ್ಲ ಹುಲ್ಲು. ಗೋದಾಮಿನಲ್ಲಿ ಲಾರಿ ತೂಕ ಹಾಕುವವನು ಮೈಲೋ. ಬೆಳಗಾದರೆ ಅಲ್ಲಿ ಕಾಫಿ, ಕಾಫಿಯ ಜೊತೆ ಊರ ಚಿಂತೆ. ಅವತ್ತಿನ ಚಿಂತೆ ಬರ್ನೀಸಮ್ಮನ ಟರ್ಕಿ ಕೋಳಿಗಳದು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಚರ್ಚಿನಲ್ಲಿ ಊರಿಗೆಲ್ಲ ಊಟ ಹಾಕಲು ಆ ಮುದುಕಿ ಇಪ್ಪತ್ತು ಕೋಳಿ ಸಾಕಿದ್ದಳು. ಹದಿನೈದು ದಿನದಲ್ಲಿ ಏಳು ಮಾಯ.

"ಕಯೋಟಿ ಕೆಲಸಾನೇ ಇದು," ಎಂದ ವರ್ಲಿನ್. ವರ್ಲಿನ್‌ಗೆ ಮುನ್ನೂರು ದನ ಇದ್ದವು, ಅಭಿಪ್ರಾಯಗಳು ಅದರ ದುಪ್ಪಟ್ಟು.

ತೋಳಕ್ಕೆ ತಮ್ಮ, ನರಿಗೆ ಅಣ್ಣ ಆಗಬೇಕಾದ ಕಯೋಟಿಯ ಮೇಲೆ ಆ ಊರಲ್ಲಿ ಯಾರಿಗೂ ಪ್ರೀತಿ ಇರಲಿಲ್ಲ. ಆದರೂ ಬರ್ನೀಸಮ್ಮ ಕೇಳಿದಳು, "ನಾಯಿ ಆಗಿದ್ರೆ?"

"ನಾಯಿ ಆಗಿದ್ರೆ ಇನ್ನೂ ಸುಲಭ ಬಿಡಮ್ಮ," ಎಂದ ವರ್ಲಿನ್. "ನಮ್ಮಜ್ಜನ ಕಾಲದ ಕಟ್ಟಳೆ ಇದೆಯಲ್ಲ! ಯಾರ ನಾಯಿ ಕೋಳಿಗೆ ಬಾಯಿ ಹಾಕ್ತೋ ಅವನೇ ಅದನ್ನ ಹಿತ್ತಲಿಗೆ ಕರ್ಕೊಂಡೋಗಿ ಗುಂಡು ಹೊಡೀಬೇಕು. ನನ್ ನಾಯಿ ಸಾರ್ಜೆಂಟ್ ಅಂತೂ ನಾನು 'ತಿನ್ನು' ಅನ್ನೋ ತನಕ ತಟ್ಟೆ ಕೂಡ ಮೂಸಲ್ಲ."

"ನನ್ ಡೀಕನ್ ಬಿಡಪ್ಪ, ಭಾನುವಾರ ತಪ್ಪದೆ ಚರ್ಚಿಗೆ ಬರೋ ನಾಯಿ," ಎಂದಳು ಬರ್ನೀಸಮ್ಮ.

ಮೈಲೋ ತನ್ನ ಕೊಲಾಚೆಯನ್ನು ನೆನೆದುಕೊಂಡ. ಕಸ ಹೊಡೆಯುವ ಮೆಷಿನ್ನಿನ ಸದ್ದಿಗೇ ಮಂಚದ ಕೆಳಗೆ ನುಗ್ಗುವ ನಾಯಿ ಅದು. ಆ ಧೈರ್ಯದಲ್ಲೇ ಬಾಯಿಬಿಟ್ಟ: "ಹುಲ್ಲು ಎದೆಮಟ್ಟ ಬೆಳೆದಿದೆ. ಕೆಳಗೆ ಕೂತ್ರೆ ಕಯೋಟಿ ಎಲ್ಲಿ ಕಾಣ್ತದೆ? ಚರ್ಚಿನ ಮಡಚೋ ಏಣಿ ತಂದು ಹುಲ್ಲಿನ ಮಧ್ಯ ನಿಲ್ಸಿ, ಯಾರಾದ್ರೂ ಮೇಲೆ ಕೂತ್ರೆ..."

ವರ್ಲಿನ್ ಮೇಜು ಕುಟ್ಟಿದ. "ಭಲೇ! ನೀನೇ ಹತ್ತು!"

ಮೈಲೋಗೆ ಕುರ್ಚಿಯ ಮೇಲೆ ನಿಂತರೂ ತಲೆ ಸುತ್ತುತ್ತಿತ್ತು. ಅವರ ಮನೆಯಲ್ಲಿ ಬಲ್ಬು ಬದಲಾಯಿಸುವವಳು ಹೆಂಡತಿ ಆರ್ಲೀನ್. ಆದರೆ ಇಡೀ ಗೋದಾಮು ಚಪ್ಪಾಳೆ ತಟ್ಟುವಾಗ ಇದನ್ನೆಲ್ಲ ಹೇಳುವುದಾದರೂ ಹೇಗೆ?

ಒಂಬತ್ತು ಗಂಟೆಗೆಲ್ಲ ಬರ್ನೀಸಮ್ಮನ ಹೊಲದಾಚೆಯ ದಿಬ್ಬದ ಮೇಲೆ ಹತ್ತಡಿ ಏಣಿ ಕಾಲಗಲಿಸಿ ನಿಂತಿತು. ವರ್ಲಿನ್ ಅದರ ಕಾಲುಗಳನ್ನು ಬೇಲಿ ಗೂಟಕ್ಕೆ ಬಿಗಿದ. ಊದಿದರೆ ಗಾಯಗೊಂಡ ಮೊಲದ ಹಾಗೆ ಚೀರುವ ಮರದ ಪೀಪಿಯೊಂದನ್ನು ಮೈಲೋನ ಕೊರಳಿಗೂ, ದುರ್ಬೀನು ಕೂರಿಸಿದ ಕೋವಿಯೊಂದನ್ನು ಹೆಗಲಿಗೂ ನೇತುಹಾಕಿದ.

"ಇದನ್ನ ಊದು. ಮೊಲ ಸಾಯ್ತಾ ಇದೆ ಅಂತ ಕಯೋಟಿ ಓಡಿ ಬರ್ತದೆ. ಬಂದ ತಕ್ಷಣ ಢಂ!"

ಮೂರನೇ ಮೆಟ್ಟಿಲಿಗೆ ಮೈಲೋನ ಮೊಣಕಾಲು ನಡುಗತೊಡಗಿತು. ಐದನೆಯದಕ್ಕೆ ಏಣಿಯೂ ಜೊತೆಗೂಡಿ, ತಗಡಿನ ಡಬ್ಬಿಯಲ್ಲಿ ಕಡಲೆ ಕುಲುಕಿದ ಹಾಗೆ ಗಡಗಡ ಸದ್ದು ಮಾಡಿತು.

"ಗಾಳಿ ಜೋರಿದೆ ಅಲ್ವಾ?" ಎಂದ ಮೈಲೋ ಮೇಲಿಂದ.

"ಒಂದೆಲೆ ಅಲ್ಲಾಡ್ತಿಲ್ಲ ಕಣೋ," ಎಂದಳು ಬರ್ನೀಸಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ.

ತುದಿಯಲ್ಲಿ ಕೂತಾಗ ಮೈಲೋಗೆ ಭೂಮಿ ಎಷ್ಟು ಕೆಳಗಿದೆ ಅನ್ನಿಸಿತೆಂದರೆ, ಅಲ್ಲಿಗೆ ವಾಪಸು ಹೋಗಲು ಟಿಕೆಟ್ ಬೇಕೇನೋ! ದೇವರನ್ನು ನೆನೆದು ಪೀಪಿ ಊದಿದ. ಹೆದರಿಕೆಯ ಉಸಿರಿಗೆ ಅದು ನಾಲ್ಕು ಮೊಲ ಒಟ್ಟಿಗೆ ಸಾಯುವ ಹಾಗೆ ಕಿರುಚಿತು.

ಮೊದಲು ಬಂದದ್ದು ವರ್ಲಿನ್‌ನ ದನಗಳು. ಮೂವತ್ತು ದನ ಏಣಿಯ ಸುತ್ತ ನಿಂತು, ನಾಟಕಕ್ಕೆ ಮುಂಚೆಯೇ ಬಂದು ಕೂತ ಜನರ ಹಾಗೆ ಕತ್ತೆತ್ತಿ ನೋಡಿದವು. ಎರಡನೇ ಸಲ ಊದಿದಾಗ ದೂರದ ಮುರುಕಲು ಗಾಳಿಯಂತ್ರದ ಹತ್ತಿರ ಹುಲ್ಲು ಅಲ್ಲಾಡಿತು. ಕಂದು ಬಣ್ಣದ ತಲೆಯೊಂದು ಮೇಲೆದ್ದಿತು. ಬಾಯಲ್ಲೊಂದು ಟರ್ಕಿ ಕೋಳಿ!

ಮೈಲೋ ಕೋವಿ ಎತ್ತಿ ದುರ್ಬೀನಿಗೆ ಕಣ್ಣಿಟ್ಟ. ಕಿವಿ ಕಾಣಿಸಿತು. ಮೂತಿ ಕಾಣಿಸಿತು. ಆಮೇಲೆ ಕೊರಳಲ್ಲಿ, ಆರ್ಲೀನ್ ಕೈಯಾರೆ ಹೆಣೆದ ಕೆಂಪು ಉಣ್ಣೆಪಟ್ಟಿ ಕಾಣಿಸಿತು.

ಕೊಲಾಚೆ!

ಮೈಲೋ ಕೋವಿ ಇಳಿಸಿದ. ಕಣ್ಣು ಗಟ್ಟಿಯಾಗಿ ಮುಚ್ಚಿದ. ಮುಚ್ಚಿದ ಕಣ್ಣೊಳಗೆ ತನ್ನ ಹಿತ್ತಲು, ತನ್ನ ಕೋವಿ, ಬಾಲ ಆಡಿಸುತ್ತ ಕೂತ ಕೊಲಾಚೆ ಕಂಡವು.

"ಏನ್ ಕಾಣ್ತದೋ?" ಕೆಳಗಿಂದ ವರ್ಲಿನ್.

"ಏ... ಏನಿಲ್ಲ."

"ಕೋವಿ ಯಾಕೆ ಎತ್ತಿದೆ?"

"ಕೈ ಜೋಮು ಹಿಡಿದಿತ್ತು."

"ಹಂಗಾದ್ರೆ ಇಳಿ. ನಾನು ಹತ್ತಿ ನೋಡ್ತೀನಿ."

"ಬೇಡ!" ಮೈಲೋ ಏಣಿಯನ್ನು ಎರಡೂ ಕೈಯಿಂದ ತಬ್ಬಿಕೊಂಡ. ಹತ್ತಲು ಅಷ್ಟು ಹೆದರಿದವನಿಗೆ ಈಗ ಇಳಿಯುವುದೇ ದೊಡ್ಡ ಹೆದರಿಕೆಯಾಯಿತು. ಇಳಿದರೆ ವರ್ಲಿನ್ ಹತ್ತುತ್ತಾನೆ, ವರ್ಲಿನ್ ಹತ್ತಿದರೆ ಕೊಲಾಚೆ ಕಾಣುತ್ತದೆ.

"ಅಲ್ಲ ಮಾರಾಯ, ಹತ್ತೋಕೆ ಅಳ್ತಿದ್ದೆ. ಈಗ ಇಳಿಯೋಕೂ ಅಳ್ತೀಯಲ್ಲ!"

"ಇಲ್ಲಿ ತಂಪಾಗಿದೆ!"

"ನವೆಂಬರ್ ಕಣೋ, ಎಲ್ಲಾ ಕಡೆನೂ ತಂಪೇ!"

ಹನ್ನೊಂದಾಯಿತು, ಹನ್ನೆರಡಾಯಿತು. ಬರ್ನೀಸಮ್ಮ ಕೋಲಿನ ತುದಿಗೆ ಸ್ಯಾಂಡ್‌ವಿಚ್ ಸಿಕ್ಕಿಸಿ ಮೇಲೆ ಚಾಚಿದಳು. ಏಣಿ ಬಿಡಲು ಧೈರ್ಯವಿಲ್ಲದೆ ಮೈಲೋ ಅದನ್ನು ಬಾಯಿಂದಲೇ ಕಚ್ಚಿಕೊಂಡ. ಒಂದು ಗಂಟೆಗೆ, ಕಪ್ಪು ಹಸುವೊಂದಕ್ಕೆ ಬೆನ್ನು ತುರಿಸಿತು. ಅದು ಊರಲ್ಲಿದ್ದ ಬೇಲಿ ಗೂಟವನ್ನೆಲ್ಲ ಬಿಟ್ಟು ಏಣಿಯ ಕಾಲಿಗೇ ಬೆನ್ನು ಉಜ್ಜಿತು. ಏಣಿ ಅತ್ತ ವಾಲಿತು, ಇತ್ತ ವಾಲಿತು. ಕಟ್ಟಿದ ಹಗ್ಗದಿಂದ ಏಣಿ ಉಳಿಯಿತು, ಕಟ್ಟದ ಮೈಲೋ ಉಳಿಯಲಿಲ್ಲ. ಕೋವಿ ಹುಲ್ಲಿಗೆ ಬಿತ್ತು, ಮೈಲೋ ಹಸುವಿನ ಮೇಲೆ ಬಿದ್ದ. ಹಸು ಅವನನ್ನು ಇಪ್ಪತ್ತು ಮಾರು ಹೊತ್ತೊಯ್ದು, ಬೇಸರವಾಗಿ, ಸಗಣಿಯಲ್ಲಿ ಇಳಿಸಿತು.

ಅವನು ಎದ್ದು ನೋಡುವಷ್ಟರಲ್ಲಿ ಬರ್ನೀಸಮ್ಮ ಏಣಿಯ ತುದಿಯಲ್ಲಿದ್ದಳು! ಎಪ್ಪತ್ತೆರಡರ ಮುದುಕಿ ಬಿದ್ದ ಕೋವಿ ಎತ್ತಿಕೊಂಡು ಅದರ ದುರ್ಬೀನಿನಲ್ಲಿ ನೇರ ಗಾಳಿಯಂತ್ರದ ಕಡೆಗೇ ನೋಡುತ್ತಿದ್ದಳು.

ಮುಗಿಯಿತು, ಅಂದುಕೊಂಡ ಮೈಲೋ. ಕೊಲಾಚೆ, ನಿನ್ನ ಕತೆ ಮುಗಿಯಿತು ಮಗನೇ.

ಬರ್ನೀಸಮ್ಮ ತುಂಬ ಹೊತ್ತು ನೋಡಿದಳು. ಕೆಳಗಿಳಿದಾಗ ಮುಖ ಹಿಟ್ಟು ಮೆತ್ತಿದ ಹಾಗಿತ್ತು.

"ಏನಿಲ್ಲ," ಎಂದಳು. "ಬರೀ ಹುಲ್ಲು."

ಮೈಲೋಗೆ ನಂಬಲಾಗಲಿಲ್ಲ. ಮುದುಕಿಗೆ ಕಣ್ಣು ಮಂಜಾಗಿದೆ, ದೇವರು ದೊಡ್ಡವನು! ಅಷ್ಟರಲ್ಲಿ, "ಸರೀರಿ ಎಲ್ಲಾ," ಎನ್ನುತ್ತ ವರ್ಲಿನ್ ಹತ್ತಿದ. ವರ್ಲಿನ್‌ನ ಕಣ್ಣು ಮಂಜಲ್ಲ. ಒಂದು ಮೈಲಿ ಆಚೆಯ ಕರುವಿನ ಮೇಲಿನ ಮುದ್ರೆ ಓದುವವನು ಅವನು. ಮೈಲೋ ಸಗಣಿಯ ಕೈಯಲ್ಲೇ ಬಾಯಿ ಮುಚ್ಚಿಕೊಂಡ.

ವರ್ಲಿನ್ ನೋಡಿದ. ಅವನ ಟೋಪಿ ಕೆಳಗೆ ಬಿತ್ತು. ಅದನ್ನು ಹೆಕ್ಕಿಕೊಳ್ಳುವುದನ್ನೂ ಮರೆತು ಇಳಿದು ಬಂದ.

"ಏನಿಲ್ಲ," ಎಂದ. ಹುಟ್ಟಿದ ಮೇಲೆ ಅವನು ಆಡಿದ ಅತಿ ಚಿಕ್ಕ ಮಾತು ಅದು. ಆಮೇಲೆ, "ಖಂಡಿತ ಕಯೋಟಿನೇ. ಭಾರೀ ಜಾಣ ಕಯೋಟಿ. ಕಾಣಿಸ್ಕೊಳ್ಳೋದೇ ಇಲ್ಲ," ಎಂದು ಸೇರಿಸಿದ. ಬರ್ನೀಸಮ್ಮ ಜೋರಾಗಿ ತಲೆಯಾಡಿಸಿದಳು.

ಮೈಲೋ ಹಾರಿಕೊಂಡೇ ಮನೆಗೆ ಬಂದ. ಜಗಲಿಯಲ್ಲಿ ಆರ್ಲೀನ್ ನಗುತ್ತ ನಿಂತಿದ್ದಳು.

"ನೋಡ್ರೀ ಇಲ್ಲಿ, ನಮ್ ಕೊಲಾಚೆ ಇವತ್ತು ಗೆಳೆಯರನ್ನೂ ಕರ್ಕೊಂಡ್ ಬಂದಿದ್ದಾನೆ! ಯಾಕೋ ಮೂರಕ್ಕೂ ಹಸಿವೇ ಇಲ್ಲ."

ಜಗಲಿಯ ಮೇಲೆ ಮೂರು ನಾಯಿ ಹೊಟ್ಟೆ ಮೇಲೆ ಮಾಡಿಕೊಂಡು ಸಾಲಾಗಿ ಮಲಗಿದ್ದವು. ಕೊಲಾಚೆ, ಅದರ ಪಕ್ಕ ಭಾನುವಾರ ಚರ್ಚಿಗೆ ಬರುವ ಡೀಕನ್, ಅದರ ಪಕ್ಕ ಅಪ್ಪಣೆಯಿಲ್ಲದೆ ತಟ್ಟೆ ಮೂಸದ ಸಾರ್ಜೆಂಟ್. ಮೂರರ ಮೂತಿಗೂ ಟರ್ಕಿ ಪುಕ್ಕ ಅಂಟಿತ್ತು.

ಒಳಗೆ ಫೋನ್ ಬಡಿದುಕೊಂಡಿತು.

"ಮೈಲೋ, ನಾನು ವರ್ಲಿನ್. ಬರ್ನೀಸಮ್ಮನೂ ಇಲ್ಲೇ ಇದ್ದಾಳೆ. ಊರಿನವರೆಲ್ಲ ಕಯೋಟಿ ಏನಾಯ್ತು ಅಂತ ಕೇಳ್ತಾರೆ, ನಾಳೆ ಯಾರ್‍ಯಾರೋ ಏಣಿ ಹತ್ತೋಕೆ ಹೊರಡ್ತಾರೆ. ಅದು ಆಗಬಾರ್ದು. ಅದಕ್ಕೇ ತೀರ್ಮಾನ ಮಾಡಿದ್ದೀವಿ. ಥ್ಯಾಂಕ್ಸ್‌ಗಿವಿಂಗ್ ತನಕ ದಿನಾ ನೀನೇ ಹತ್ತಿ ಕೂರ್ಬೇಕು. ಬೇರೆ ಯಾರೂ ಹತ್ತಕೂಡದು."

"ದಿನಾನಾ?" ಮೈಲೋನ ಮೊಣಕಾಲು ಮನೆಯ ನೆಲದ ಮೇಲೇ ಕಡಲೆ ಕುಲುಕಿತು.

"ಹೂಂ. ಹತ್ತಡಿ ಏಣಿ ನೋಡೋರಿಗೆ ಸಣ್ಣದಾಯ್ತು ಅಂತ ಬರ್ನೀಸಮ್ಮ ಹದಿನಾರಡಿದು ತರಿಸ್ತಿದ್ದಾಳೆ. ಎಷ್ಟೇ ಎತ್ತರ ಕೂರಿಸಿದ್ರೂ ನಿಂಗೆ ಏನೂ ಕಾಣಲ್ಲ ಅಂತ ನಮಗೆ ಪೂರಾ ನಂಬಿಕೆ ಇದೆಯಪ್ಪ."