ಕುಡಿತ ಬಿಟ್ಟ ಮೇಲಿನ ಗಾಬರಿಗಳು

ನಾನು ಕುಡಿತ ಬಿಟ್ಟು ಎಂಟು ತಿಂಗಳಾಯಿತು. ಗಾಬರಿ ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ. ಕಾರಣವೇ ಇಲ್ಲದೆ ಎದೆ ಡವಡವ ಅನ್ನುತ್ತದೆ. ಹಾಗೆ ಅಂದಾಗಲೆಲ್ಲ ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ.

೧. ಮಾಸ್ತರರ ದಾಡಿ

ಮುಂಡರಗಿಯಲ್ಲಿ ನನ್ನದು ಕಟಿಂಗ್ ಅಂಗಡಿ. ಒಂದು ಮುಂಜಾನೆ, ರಿಟೈರಾದ ಮಾಸ್ತರರೊಬ್ಬರು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದರು. ಕತ್ತಿ ಗಂಟಲಿನ ಹತ್ತಿರ ಹೋಗುತ್ತಲೇ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಕೈ ಹಿಂದಕ್ಕೆ ತೆಗೆದೆ. ಗದಗಿನ ಡಾಕ್ಟರು ಕಲಿಸಿದಂತೆ, "ಉಸುರು ಹಿಡಿ" ಎಂದು ನನಗೆ ನಾನೇ ಬಾಯಿಬಿಟ್ಟು ಹೇಳಿಕೊಂಡು ಹಿಡಿದೆ. ಬಾಗಿಲ ಬಿಸಿಲಿನಲ್ಲಿ ನೊರೆಯ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತಿದ್ದವು. ಊರೆಲ್ಲ ಎಲ್ಲೋ ದೂರ ತೇಲಿಹೋದ ಹಾಗಿತ್ತು. ಅಷ್ಟರಲ್ಲಿ ನೊರೆಯೊಳಗಿಂದ ಮಾಸ್ತರರ ಬಿಗಿದ ದನಿ ಬಂತು:

"ನೀ ಉಸುರು ಬಿಟ್ಟಿಯೇನು? ಬಿಟ್ಟಿದ್ರ ನಾನೂ ಬಿಡ್ತೀನಿ."

೨. ಗುಡ್ಡದ ಫ್ಯಾನು

ಗಾಬರಿಯಾದಾಗ ಕಣ್ಣೆದುರಿಗಿದ್ದದ್ದನ್ನು ಎಣಿಸು ಎಂದೂ ಡಾಕ್ಟರು ಹೇಳಿದ್ದರು. ಗದಗಿಗೆ ಹೊರಟ ಬಸ್ಸಿನಲ್ಲಿ ಗಾಬರಿಯಾಯಿತು. ಕಿಟಕಿಯಾಚೆ ಕಪ್ಪತಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನುಗಳು ನಿದ್ದೆಗಣ್ಣಿನಲ್ಲಿ ಕೈ ಬೀಸಿದಂತೆ ತಿರುಗುತ್ತಿದ್ದವು. ಎಣಿಸಿದೆ.

"ಹನ್ನೆರಡು," ಅಂದೆ.

"ಹದಿಮೂರು, ತಮ್ಮಾ. ಆ ದಿಬ್ಬದ ಹಿಂದಿನದು ಬಿಟ್ಟಿ," ಎಂದಳು ಪಕ್ಕದ ಅಜ್ಜಿ. ಆಮೇಲೆ ಹಿಂದಿನ ಸೀಟಿನವರೂ ಎಣಿಸಲು ಸೇರಿದರು. ಗದಗ ಬರುವಷ್ಟರಲ್ಲಿ ಗಾಬರಿ ಎಲ್ಲಿ ಇಳಿದುಹೋಗಿತ್ತೋ ಗೊತ್ತಿಲ್ಲ. ನಾನು ಇಳಿಯುವಾಗ ಅಜ್ಜಿ ಕೈ ಹಿಡಿದಳು:

"ಸಾಹೇಬ್ರ, ನಮ್ಮ ಹೊಲದಾಗೂ ಒಂದು ಫ್ಯಾನು ಬರಕೋರಿ."

೩. ಮಧ್ಯಾಹ್ನದ ಕನಸು

ಒಂದು ರವಿವಾರ ಉಂಡು ಮಲಗಿದ್ದೆ. ಕನಸಿನಲ್ಲಿ ಗಟಗಟ ಕುಡಿದುಬಿಟ್ಟೆ. ಎದ್ದರೂ ನಾಲಿಗೆಯ ಮೇಲೆ ಅದೇ ರುಚಿ. ಎಂಟು ತಿಂಗಳು ನೀರಾದವು ಅನ್ನಿಸಿ ಹೆಂಡತಿಯ ಮುಂದೆ ಅತ್ತೇಬಿಟ್ಟೆ. ಅವಳು ನನ್ನ ಬಾಯಿ ಮೂಸಿ ನೋಡಿ, "ಉಳ್ಳಾಗಡ್ಡಿ ನಾತ ಐತಿ, ಅಷ್ಟ. ಕನಸಿನ್ಯಾಗ ಯಾರ ಜೋಡಿ ಕುಡದ್ರಿ?" ಅಂದಳು.

"ನಿಮ್ಮಣ್ಣನ ಜೋಡಿ."

ಶಿಗ್ಲಿ ಊರಿನಲ್ಲಿರುವ ಅವಳಣ್ಣ ಜನ್ಮದಲ್ಲಿ ಶೆರೆಯ ವಾಸನೆ ಕಂಡವನಲ್ಲ. ಇವಳು ಕೂಡಲೇ ಫೋನು ಹಚ್ಚಿ, ನನಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

"ಅಣ್ಣಾ, ಇವ್ರಿಗೆ ಯಾಕ ಕುಡಿಸಿದಿ?"

"ನಾನ? ಯಾವಾಗ ತಂಗಿ?"

"ಈಗ, ಇವ್ರ ಕನಸಿನ್ಯಾಗ."

ಅವನು ಮೆತ್ತಗೆ ಅಂದ:

"ತಪ್ಪಾತವ್ವಾ. ಇನ್ನ ಅವರಾಗೇ ಕರದ್ರೂ ಅವರ ಕನಸಿಗೆ ಬರೂದಿಲ್ಲ."